ಹತ್ತು ನಿಮಿಷದ ಗೆಳೆಯ

ಉದ್ದಣ್ಣನನ್ನು ನಾನು ಇಪ್ಪತ್ತೆರಡು ವರ್ಷ ನೋಡಿದ್ದೇನೆ, ದಿನಕ್ಕೆ ಹತ್ತು ನಿಮಿಷದಂತೆ. ಊರಿಗೆ ನೀರು ಹತ್ತಿಸುವ ಪಂಪ್‌ಹೌಸಿನಲ್ಲಿ ನಾವಿಬ್ಬರೂ ಆಪರೇಟರುಗಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವನ ಪಾಳಿ, ಎರಡರಿಂದ ರಾತ್ರಿ ಹತ್ತರವರೆಗೆ ನನ್ನದು. ಉಳಿದವರು ವಾರವಾರ ಪಾಳಿ ಬದಲಾಯಿಸಿಕೊಳ್ಳುತ್ತಿದ್ದರು. ಅವನು ಕೋಳಿಗಿಂತ ಮೊದಲು ಏಳುವವನು, ನಾನು ಬಿಸಿಲು ನೆತ್ತಿಗೇರುವವರೆಗೆ ಮನುಷ್ಯನಾಗದವನು, ಹಾಗಾಗಿ ನಮ್ಮಿಬ್ಬರದು ಮಾತ್ರ ಖಾಯಂ ಆಗಿಬಿಟ್ಟಿತು. ಎರಡಕ್ಕೆ ಹತ್ತು ನಿಮಿಷವಿರುವಾಗ ನಾನು ಒಳಗೆ ಬರುತ್ತಿದ್ದೆ. ಎರಡು ಹೊಡೆಯುವಾಗ ಅವನು ಹೊರಗೆ ಹೋಗುತ್ತಿದ್ದ. ವಾರದ ರಜೆ ಕೂಡ ಅವನಿಗೊಂದು ದಿನ, ನನಗೊಂದು ದಿನ. ಇಬ್ಬರೂ ಒಟ್ಟಿಗೆ ರಜೆ ಹಾಕಿದರೆ ಊರಿನ ನಲ್ಲಿಗಳು ಒಣಗುತ್ತವೆ ಎಂದು ಸಾಹೇಬರು ಹೇಳುತ್ತಿದ್ದರು, ನಾವೂ ಅದನ್ನು ನಂಬಿಕೊಂಡು ಬೀಗುತ್ತಿದ್ದೆವು.

ಅವನು ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರ, ಹಾಗಾಗಿ ಎಲ್ಲರಿಗೂ ಉದ್ದಣ್ಣ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ನಾಲ್ಕು ನಿಮಿಷ ತಡವಾಗಿ ಹೋದೆ. ಅಷ್ಟಕ್ಕೇ ‘ಲೇಟು’ ಎಂದು ಹೆಸರಿಟ್ಟ. ಆಮೇಲೆ ಒಂದು ದಿನವೂ ತಡ ಮಾಡಿದವನಲ್ಲ ನಾನು, ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅವನಿಗೆ ಅದರಲ್ಲೊಂದು ಸುಖ.

ಪಂಪ್‌ಹೌಸಿನ ಕೆಲಸ ಹೇಗೆಂದರೆ, ಯಂತ್ರ ನೋಡಿಕೊಳ್ಳುವುದು ಅರ್ಧ, ಪುಸ್ತಕ ತುಂಬಿಸುವುದು ಅರ್ಧ. ಗಂಟೆಗೊಮ್ಮೆ ನೀರಿನ ಒತ್ತಡ, ಕರೆಂಟು, ಬೇರಿಂಗಿನ ಬಿಸಿ, ಟ್ಯಾಂಕಿನ ಮಟ್ಟ ಬರೆಯಬೇಕು. ಒಂದು ಅಂಕಿ ಎಲ್ಲಾದರೂ ಆಚೀಚೆ ಆದರೆ ತಿಂಗಳ ಕೊನೆಯಲ್ಲಿ ಸಾಹೇಬರು ಬಂದು, ಯಾಕೆ ಹೀಗಾಯಿತು ಎಂದು ಮೂರು ಪ್ರತಿಯಲ್ಲಿ ವಿವರಣೆ ಕೇಳುತ್ತಾರೆ. ಯಾರಿಗೆ ಬೇಕು ಈ ತಲೆನೋವು? ಹಾಗಾಗಿ ಯಂತ್ರ ಸುಮ್ಮನೆ ಓಡುತ್ತಿದ್ದರೆ ಮೂರು ಗಂಟೆಯ ಅಂಕಿಗಳನ್ನು ಒಮ್ಮೆಗೇ ಬರೆದುಬಿಡುವುದು ನಮ್ಮಲ್ಲಿ ಹಳೇ ಅಭ್ಯಾಸ. ಅದಕ್ಕೆ ನಾವು ‘ಬಿತ್ತೋದು’ ಅನ್ನುತ್ತಿದ್ದೆವು. ಒಂದು ಅಂಕಿ ಮೇಲೆ, ಒಂದು ಕೆಳಗೆ, ನಡುವೆ ಒಂದು ಹಾಗೇ. ಸಾಲು ನೋಡಿದರೆ ಕಣ್ಣಿಗೆ ತಂಪಾಗಬೇಕು. ಇದರಲ್ಲಿ ಉದ್ದಣ್ಣನದು ಎತ್ತಿದ ಕೈ.

ಹಾಗಂತ ನಾವು ಊರಿಗೆ ಮೋಸ ಮಾಡಿದವರಲ್ಲ. ನಿಜವಾದ ಲೆಕ್ಕ ಬಾಯಲ್ಲಿ ಹೋಗುತ್ತಿತ್ತು. ಪುಸ್ತಕದಲ್ಲಿ ಬೇರಿಂಗು ಐವತ್ತೆಂಟು ಡಿಗ್ರಿ ಎಂದಿದ್ದರೆ, ಉದ್ದಣ್ಣ ಚೀಲ ಹೆಗಲಿಗೇರಿಸುತ್ತಾ, ಮೂರನೇ ಪಂಪಿನ ಹಿಂದಿನ ಬೇರಿಂಗು ಮುನಿಸಿಕೊಂಡಿದೆ, ಕೈ ಇಡೋಕಾಗಲ್ಲ, ನಾಲ್ಕು ಗಂಟೆಗೆ ನಿಲ್ಲಿಸಿ ಗ್ರೀಸ್ ಹಾಕು ಅನ್ನುತ್ತಿದ್ದ. ಪುಸ್ತಕ ಸಾಹೇಬರಿಗೆ, ಬಾಯಿ ನಮಗೆ. ಒಬ್ಬ ಬಿತ್ತಿದ್ದನ್ನು ಇನ್ನೊಬ್ಬ ಯಾಕೆ ಏನು ಎಂದು ಕೇಳುವಂತಿಲ್ಲ, ಕೆಳಗೆ ಸಹಿ ಹಾಕಬೇಕು, ಅಷ್ಟೆ. ಆದರೆ ಹತ್ತು ನಿಮಿಷದಲ್ಲಿ ಅವನು ಸುಳ್ಳು ಹೇಳುವಂತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ.

ಬೇರಿಂಗಿನ ಸುದ್ದಿ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಎಂಟರಲ್ಲಿ ಫ್ಲಾಸ್ಕಿನ ತಳದ ಟೀಯನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, ಬದುಕಿನ ಎಲ್ಲ ವಿಷಯವನ್ನೂ ಮಾತಾಡಬೇಕಿತ್ತು. ಒಂದು ಮಾತು ಸೋಮವಾರ ಶುರುವಾಗಿ ಶುಕ್ರವಾರ ಮುಗಿದದ್ದುಂಟು. ನನ್ನ ಮಗಳ ಮದುವೆಯ ಮಾತುಕತೆ ಹೀಗೇ ಕಂತಿನಲ್ಲಿ ಒಂದೂವರೆ ತಿಂಗಳು ನಡೆಯಿತು. ಎರಡು ಹೊಡೆದರೆ ಸಾಕು, ಮಾತು ಎಲ್ಲಿದ್ದರೆ ಅಲ್ಲಿಗೇ ಬಿಟ್ಟು ಎದ್ದುಬಿಡುತ್ತಿದ್ದ, ಬಸ್ಸು ಎರಡೂ ಐದಕ್ಕೆ. ಬಾಗಿಲಲ್ಲಿ ತಲೆ ತಗ್ಗಿಸುವಾಗ ಒಂದೊಂದು ದಿನ ಹೇಳುತ್ತಿದ್ದ: “ಒಂದಿನ ಪೂರ್ತಿ ಕೂತು ಮಾತಾಡ್ಬೇಕು ಕಣೋ ಲೇಟು. ಬೆಳಿಗ್ಗೆ ಕೂತ್ರೆ ಸಂಜೆ ಏಳ್ಬೇಕು.”

ಆ ಆಸೆ ನನಗೂ ಇತ್ತು. ಹೆಂಡತಿ ಮಕ್ಕಳಿರುವ ಗಂಡಸಿಗೆ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುವಷ್ಟು ಇತ್ತು.

ಕುತ್ತಿಗೆಯ ಗಂಟಿನ ವಿಷಯವನ್ನೂ ಅವನು ಹೇಳಿದ್ದು ಆ ಹತ್ತು ನಿಮಿಷದಲ್ಲೇ. ಒಂದನೇ ಪಂಪಿನ ವಾಲ್ವು ಸೋರುತ್ತಿದೆ ಎಂದ, ಟ್ಯಾಂಕಿನ ತೇಲುಗುಂಡು ಸಿಕ್ಕಿಕೊಂಡಿದೆ ಎಂದ, ಆಮೇಲೆ ಅದೇ ದನಿಯಲ್ಲಿ ಕಾಲರ್ ಸರಿಸಿ, ಇಲ್ಲೊಂದು ಗಂಟು ಬಂದು ತಿಂಗಳಾಯಿತು, ನಿನ್ನ ಅತ್ತಿಗೆಗೆ ಹೇಳಿಲ್ಲ ಎಂದ. ನಾನು ಬೈದೆ. ಮರುದಿನವೂ ಬೈದೆ. ಮೂರನೇ ದಿನ ಆಸ್ಪತ್ರೆಗೆ ಹೋದ.

ಲಿಂಫೋಮಾ ಎಂದರು. ಅತ್ತಿಗೆಗೆ ಒಬ್ಬರೇ ಕೇಳಿಸಿಕೊಳ್ಳುವ ಧೈರ್ಯವಿರಲಿಲ್ಲ. ಬೆಳಗಿನ ಹೊತ್ತು ಬಿಡುವಾಗಿರುವ ಕಿವಿ ನನ್ನದು, ಹಾಗಾಗಿ ನಾನೂ ಹೋಗಿ ಡಾಕ್ಟರಮ್ಮನ ಮುಂದೆ ಕೂತೆ. ಗಟ್ಟಿ ಹೆಂಗಸು, ಮಾತು ಕಮ್ಮಿ. ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ ಇದು ವಾಸಿಯಾಗುವ ಬಗೆ, ಆದರೆ ಆರು ಸಲ ಕೀಮೋ ಪೂರ್ತಿಯಾಗಬೇಕು, ಮೂರು ವಾರಕ್ಕೊಂದು, ನಡುವೆ ಬಿಟ್ಟರೆ ರೋಗ ತಿರುಗಿ ಬರಬಹುದು ಎಂದರು. ಕೊಡುವ ಔಷಧಿಗಳಲ್ಲಿ ಒಂದು ಕೆಂಪಗಿರುತ್ತದೆ, ಅದು ಗಂಟುಗಳನ್ನು ಕರಗಿಸುತ್ತದೆ, ಆದರೆ ಕೆಲವರಲ್ಲಿ ಹೃದಯದ ಸ್ನಾಯುವನ್ನೂ ಸುಸ್ತು ಮಾಡುತ್ತದೆ. ಇವನಿಗೆ ಮೊದಲೇ ಬೀಪಿ ಬೇರೆ. ಹಾಗಾಗಿ ಶುರುವಿಗೆ ಮೊದಲು ಒಮ್ಮೆ, ನಡುವೆ ಒಮ್ಮೆ, ಬೇಕಾದರೆ ಮತ್ತೆ ಮತ್ತೆ, ಎಕೋ ಮಾಡಿ ಹೃದಯ ನೋಡುತ್ತೇವೆ ಎಂದರು.

ಮೊದಲ ಎಕೋದಲ್ಲಿ ಅರವತ್ತೆರಡು ಬಂತು. ಒಂದು ಬಡಿತಕ್ಕೆ ಹೃದಯ ತನ್ನೊಳಗೆ ತುಂಬಿದ ರಕ್ತದಲ್ಲಿ ನೂರಕ್ಕೆ ಅರವತ್ತೆರಡು ಪಾಲನ್ನು ಹೊರಗೆ ತಳ್ಳುತ್ತಿದೆ, ಬಹಳ ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದರು. ಉದ್ದಣ್ಣ ನನ್ನ ಕಡೆ ತಿರುಗಿ, ನಮ್ಮ ಎರಡನೇ ಪಂಪು ಎಪ್ಪತ್ತು ಕೊಡುತ್ತೆ, ಅದನ್ನೇ ಗುಜರಿಗೆ ಹಾಕಬೇಕು ಅಂತ ಸಾಹೇಬರು ಕೂತಿದ್ದಾರೆ ಎಂದ. ಡಾಕ್ಟರಮ್ಮನಿಗೂ ನಗು ಬಂತು.

ಆಮೇಲೆ ಅವರು ಒಂದು ಪುಸ್ತಕ ಕೊಟ್ಟರು. ಅಲ್ಲೇ ಎಡವಟ್ಟಾಯಿತು. ದಿನಾ ಬೆಳಿಗ್ಗೆ ಎದ್ದ ತಕ್ಷಣ, ಏನೂ ತಿನ್ನುವ ಮೊದಲು, ತೂಕ ನೋಡಿ ಬರೆಯಬೇಕು. ಬೀಪಿ, ನಾಡಿ ಬರೆಯಬೇಕು. ಕಾಲು ಊದಿದೆಯೇ ನೋಡಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಅಥವಾ ಮಲಗಿದಾಗ ಉಸಿರು ಕಟ್ಟಿದರೆ ತಕ್ಷಣ ಫೋನ್ ಮಾಡಬೇಕು. ಹೃದಯ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ, ಅದು ಮೊದಲು ತೂಕದಲ್ಲೇ ತಿಳಿಯುವುದು ಎಂದು ಎರಡು ಸಲ ಹೇಳಿದರು. ಚೌಕಳಿ ಹಾಕಿದ ಹಾಳೆ, ತಾರೀಖು, ಕೊನೆಯಲ್ಲಿ ಸಹಿಗೆ ಜಾಗ. ಉದ್ದಣ್ಣ ಅದನ್ನು ಕೈಯಲ್ಲಿ ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಗಬೇಕಿತ್ತು.

ಇಲಾಖೆ ಅವನಿಗೆ ಆರು ತಿಂಗಳ ರಜೆ ಕೊಟ್ಟಿತು. ಅಷ್ಟರೊಳಗೆ ಬರದಿದ್ದರೆ ವೈದ್ಯರ ಸಮಿತಿ ಮುಂದೆ ನಿಲ್ಲಬೇಕು, ಅವರು ಕೆಲಸಕ್ಕೆ ಆಗುವುದಿಲ್ಲ ಎಂದರೆ ಮುಗಿಯಿತು. ಆರು ಸಲದ ಕೀಮೋ ಒಂದೂ ತಪ್ಪದೆ ನಡೆದರೆ ನಾಲ್ಕೂವರೆ ತಿಂಗಳು, ಸುಧಾರಿಸಿಕೊಳ್ಳಲು ಒಂದು ತಿಂಗಳು. ಅವನು ಬೆರಳಲ್ಲಿ ಎಣಿಸಿ ತೋರಿಸಿ, ಹದಿನೈದು ದಿನ ಉಳಿಸಿಕೊಂಡೇ ಬರುತ್ತೇನೆ ಎಂದ.

ಅವನ ಜಾಗಕ್ಕೆ ಬೇರೆ ಸ್ಟೇಷನ್ನಿನಿಂದ ಒಬ್ಬನನ್ನು ಹಾಕಿದರು. ನಾನು ಒಳಗೆ ಬಂದರೆ ಆತ ಗಲ್ಲದಲ್ಲೇ ಪುಸ್ತಕ ತೋರಿಸಿ, ಎಲ್ಲ ಬರೆದಿದೆ ಎಂದು ಹೊರಟುಬಿಡುತ್ತಿದ್ದ. ಹತ್ತು ನಿಮಿಷ ನನ್ನ ಕೈಯಲ್ಲಿ ಹಾಗೇ ಉಳಿಯುತ್ತಿತ್ತು. ಮೂರು ಪಂಪು ಒಟ್ಟಿಗೆ ಓಡುವ ಸದ್ದಿನ ನಡುವೆ ನಿಂತು ಬಾಗಿಲು ನೋಡುತ್ತಿದ್ದೆ. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ, ಮೂವತ್ತು ವರ್ಷದಲ್ಲಿ ನನಗೋಸ್ಕರ ಒಂದಿನವೂ ಹೀಗೆ ಮುಖ ಬಾಡಿಸಿಕೊಂಡವರಲ್ಲ ನೀವು ಎಂದು ಚುಚ್ಚಿದಳು. ಅದು ನಿಜವೇ ಇರಬಹುದು.

ನನ್ನ ರಜೆ ಬುಧವಾರ. ಬುಧವಾರ ಬೆಳಿಗ್ಗೆ ಅವನ ಮನೆಗೆ ಹೋಗತೊಡಗಿದೆ. ಮೊದಲ ಮಹಡಿಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ, ಸುತ್ತ ಶಾಲೆ ಮಕ್ಕಳ ಯೂನಿಫಾರಂ ಬಟ್ಟೆಯ ರಾಶಿ, ಕಿಟಕಿ ಪಕ್ಕ ಅವನ ಕುರ್ಚಿ. ಮೊದಲನೇ ಬುಧವಾರ ಇಬ್ಬರೂ ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆವು. ಹತ್ತು ನಿಮಿಷಕ್ಕೆ ಎಲ್ಲ ಖಾಲಿಯಾಯಿತು. ಅವನು ಗಡಿಯಾರ ನೋಡಿ, ತನ್ನ ಮನೆಯ ಕುರ್ಚಿಯಿಂದ ತಾನೇ ಎದ್ದು, ಚೀಲ ಎಲ್ಲಿದೆ ಎಂದು ಹುಡುಕತೊಡಗಿದ. ಎಲ್ಲಿಗೆ ಹೊರಟ್ರಿ ಎಂದು ಅತ್ತಿಗೆ ಕೇಳಿದ ಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಮತ್ತೆ ಕೂತಾಗ ಮಾತು ಬರಲಿಲ್ಲ. ಅತ್ತಿಗೆ ಎದುರಿಗಿದ್ದರು, ಬಟ್ಟೆ ಅಳತೆಗೆ ಜನ ಬಂದು ಹೋಗುತ್ತಿದ್ದರು, ಅದು ನಮ್ಮ ಜಾಗವಾಗಿರಲಿಲ್ಲ.

ಮೂರನೇ ಕೀಮೋ ಮುಗಿದ ಮೇಲೆ ಎಕೋ ಮಾಡಿದರು. ಐವತ್ತೇಳು. ಇಳಿದಿದೆ, ಗಾಬರಿ ಬೇಡ, ಪುಸ್ತಕ ಮಾತ್ರ ತಪ್ಪದೆ ಬರೆಯಿರಿ, ಇನ್ನೂ ಇಳಿದರೆ ಕೆಂಪು ಔಷಧಿ ನಿಲ್ಲಿಸಿ ಯೋಚನೆ ಮಾಡಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಅವನಿಗೆ ಕೇಳಿಸಿದ್ದು ನಿಲ್ಲಿಸುವ ಮಾತೊಂದೇ. ನಿಂತರೆ ತಡ, ತಡವಾದರೆ ರಜೆ ಮುಗಿಯುತ್ತದೆ.

ನಾಲ್ಕನೆಯದು ಆಗಿ ಹತ್ತು ದಿನಕ್ಕೆ ಬಂದ ಬುಧವಾರ ನಾನು ಹೋದಾಗ ಅವನು ಸ್ನಾನಕ್ಕೆ ಹೋಗಿದ್ದ. ಪುಸ್ತಕ ಹೊಲಿಗೆ ಮೇಜಿನ ಮೇಲಿತ್ತು. ಕೈ ಸುಮ್ಮನಿರಲಾರದೆ ತೆರೆದೆ. ಅರವತ್ತನಾಲ್ಕು ಎರಡು, ಅರವತ್ತನಾಲ್ಕು ಒಂದು, ಅರವತ್ತನಾಲ್ಕು ಎರಡು, ಅರವತ್ತನಾಲ್ಕು ಮೂರು. ಒಂದು ಮೇಲೆ, ಒಂದು ಕೆಳಗೆ, ನಡುವೆ ಒಂದು ಹಾಗೇ. ಒಂದೇ ಪೆನ್ನು, ಒಂದೇ ಓಟ. ಅಷ್ಟೇ ಅಲ್ಲ, ಗುರುವಾರ ಮತ್ತು ಶುಕ್ರವಾರದ ತೂಕವನ್ನೂ ಆಗಲೇ ಬರೆದಿಟ್ಟಿದ್ದ. ಮಹಾರಾಯ ಬಿತ್ತಿದ್ದ.

ನನಗೆ ಆಗ ಏನನಿಸಿತು ಎಂದು ಮುಚ್ಚಿಡುವುದಿಲ್ಲ. ಖುಷಿಯಾಯಿತು. ಕೂದಲೆಲ್ಲ ಉದುರಿ, ಹುಬ್ಬೂ ಇಲ್ಲದೆ ಯಾರೋ ಪರಕೀಯನ ಹಾಗೆ ಕಾಣುತ್ತಿದ್ದವನು, ಆ ಸಾಲಿನಲ್ಲಿ ನಮ್ಮವನಾಗಿಯೇ ಸಿಕ್ಕಿದ. ಪುಸ್ತಕ ಮುಚ್ಚಿ ಮೊದಲಿದ್ದ ಹಾಗೇ ಇಟ್ಟೆ. ಏನಾದರೂ ಇದ್ದರೆ ಬಾಯಲ್ಲಿ ಹೇಳುತ್ತಾನೆ ಎಂದುಕೊಂಡೆ, ಹೇಳದೆ ಇದ್ದವನಲ್ಲ. ಅವನ ಹಾಸಿಗೆಯ ಮೇಲೆ ಮೂರು ದಿಂಬು ಒಂದರ ಮೇಲೊಂದು ಇದ್ದದ್ದನ್ನು ನೋಡಿದೆ, ಚಪ್ಪಲಿಯ ಪಟ್ಟಿ ಕೊನೆಯ ತೂತಿಗೆ ಸರಿದಿದ್ದನ್ನೂ ನೋಡಿದೆ. ಬೇರಿಂಗು ಬಿಸಿಯಾದರೆ ಹತ್ತು ಅಡಿಯಿಂದ ವಾಸನೆ ಹಿಡಿಯುವ ನನಗೆ ಅದರ ಅರ್ಥ ಹೊಳೆಯಲಿಲ್ಲ. ಅವನು ಸ್ನಾನ ಮುಗಿಸಿ ಬಂದು ಕೂತು ಉಸಿರು ಸರಿಮಾಡಿಕೊಂಡ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ವಾರ ಹೀಗೇ ಕಾದೆ. ದಿನಾ ಎರಡು ಗಂಟೆಗೆ ಆ ಸಾಲು ಕಣ್ಣ ಮುಂದೆ ಬರುತ್ತಿತ್ತು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಒಬ್ಬ ಆಪರೇಟರು ಇನ್ನೊಬ್ಬನ ಪುಸ್ತಕದ ಬಗ್ಗೆ ಕೇಳುವುದೆಂದರೆ, ನೀನು ಕಳ್ಳ ಎಂದು ಮುಖಕ್ಕೆ ಹೇಳಿದ ಹಾಗೆ. ಆ ಮರ್ಯಾದೆ ಹಿಡಿದುಕೊಂಡು ಕೂತೆ.

ಮುಂದಿನ ಬುಧವಾರ ಬಾಗಿಲು ತೆರೆದ ಅತ್ತಿಗೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. ಕೈಯಲ್ಲಿ ಅವನ ಪ್ಯಾಂಟು. ಸೊಂಟ ಬಿಗಿಯುತ್ತೆ ಅಂದರು, ಎರಡು ಬೆರಳು ಬಿಡಿಸಿದೆ, ಕೀಮೋದಲ್ಲಿ ಎಲ್ಲರೂ ಇಳಿದುಹೋಗುತ್ತಾರೆ, ಇವರಿಗೆ ನೋಡಿ ಮೈ ತುಂಬಿಕೊಳ್ಳುತ್ತಿದೆ ಎಂದು ಪಿಸುಗುಟ್ಟಿದರು, ಗಟ್ಟಿಯಾಗಿ ಹೇಳಿದರೆ ದೃಷ್ಟಿಯಾದೀತು ಎನ್ನುವ ಹಾಗೆ.

ಪುಸ್ತಕದಲ್ಲಿ ಅರವತ್ತನಾಲ್ಕು ಎರಡು, ಅತ್ತಿಗೆಯ ಟೇಪಿನಲ್ಲಿ ಎರಡು ಬೆರಳು ಜಾಸ್ತಿ. ಟೇಪು ಬಿತ್ತುವುದಿಲ್ಲ.

ಅವನು ಅವತ್ತು ಒಳಗಿನ ಕೋಣೆಗೆ ಕುರ್ಚಿ ಹಾಕಿಸಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ, ಮೊಣಕೈ ಎರಡೂ ತೊಡೆಯ ಮೇಲೆ. ನಾನು ಬಾಗಿಲು ಮುಂದೆ ಮಾಡಿ ಎದುರಿಗೆ ಕೂತೆ.

“ತೂಕ ಎಷ್ಟು?”

“ಬುಕ್ಕಲ್ಲಿದೆ ನೋಡು.”

“ಬುಕ್ ಸಾಹೇಬ್ರಿಗೆ. ನಂಗೆ ಹೇಳು.”

ಹೊರಗೆ ಹೊಲಿಗೆ ಯಂತ್ರ ಓಡಿ ನಿಂತು ಮತ್ತೆ ಓಡಿತು. “ಭಾನುವಾರ ಅರವತ್ತೊಂಬತ್ತಿತ್ತು,” ಅಂದ. “ಆಮೇಲೆ ಹತ್ತಿ ನೋಡಿಲ್ಲ.” ಮಲಗಿದರೆ ಮುಳುಗಿದ ಹಾಗಾಗುತ್ತೆ, ಕೂತೇ ನಿದ್ದೆ ಮಾಡುತ್ತೇನೆ, ನಿನ್ನ ಅತ್ತಿಗೆ ಏಳುವುದರೊಳಗೆ ಸರಿಯಾಗಿ ಮಲಗಿಕೊಂಡಿರುತ್ತೇನೆ ಎಂದ. ಒಂದೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳಬೇಕಾಗಿತ್ತು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡ. ಬೆರಳು ಊದಿ ಬೆಣ್ಣೆಯ ಹಾಗಾಗಿದ್ದವು.

“ಹೇಳ್ಬೇಡ ಲೇಟು. ಇನ್ನೆರಡೇ. ಮುಗಿಸ್ಕೊಂಡು ಬಂದ್ಬಿಡ್ತೀನಿ. ಇಲ್ಲಿ ಕೂತು ನಂಗೆ ಹುಚ್ಚು ಹಿಡೀತಿದೆ ಕಣೋ. ಎರಡು ಗಂಟೆ ಆದ್ರೆ ಸಾಕು, ಬಾಗ್ಲು ನೋಡ್ತೀನಿ.”

ಬಾಗಿಲು ನೋಡುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಆ ಕ್ಷಣ ಅವನ ಮಾತಿಗೆ ತಲೆಯಾಡಿಸಿಬಿಡಬೇಕು ಅನಿಸಿದ್ದೂ ನಿಜ. ಅವನು ಬರಲಿ ಎನ್ನುವುದು ಅವನಿಗಿಂತ ನನಗೇ ಹೆಚ್ಚು ಬೇಕಾಗಿತ್ತು. ಕೈ ಬಿಡಿಸಿಕೊಂಡು ಎದ್ದು, ಬಾಗಿಲು ತೆರೆದು, ಅತ್ತಿಗೆಗೆ ಎಲ್ಲ ಹೇಳಿದೆ.

ಅತ್ತಿಗೆ ಯಂತ್ರದಿಂದ ಕಾಲು ತೆಗೆದರು. ಅಳಲಿಲ್ಲ, ಕೂಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರು. ತಕ್ಷಣ ಕರೆತನ್ನಿ, ಮಲಗಿಸಬೇಡಿ, ನಡೆಸಬೇಡಿ ಎಂದರಂತೆ. ನಾನೂ ಕೆಳಗಿನ ಮನೆಯವರೂ ಸೇರಿ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ಉದ್ದ ಕಾಲು ಗೋಡೆಗೆ ತಾಗುತ್ತಿತ್ತು. ಅವನು ನನ್ನ ಮುಖ ನೋಡಲಿಲ್ಲ.

ಎಕೋದಲ್ಲಿ ಮೂವತ್ತೆಂಟು. ಡಾಕ್ಟರಮ್ಮ ಪುಸ್ತಕ ತಿರುವಿ ಹಾಕಿ, ಇದರಲ್ಲಿ ಏನೂ ಇಲ್ಲವಲ್ಲ ಎಂದರು. ಅದು ಬರೆದದ್ದು, ನೋಡಿದ್ದಲ್ಲ ಎಂದೆ. ಅಲ್ಲಿಗೇ ಸುಮ್ಮನಾಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹೋದ ಬುಧವಾರವೇ ನನಗೆ ಗೊತ್ತಾಗಿತ್ತು ಎಂದೂ ಹೇಳಿದೆ.

ಅವರು ಪುಸ್ತಕ ಮುಚ್ಚಿದರು. “ಆ ಏಳು ದಿನ ನನಗೆ ಬೇಕಿತ್ತು,” ಎಂದರು. ಅಷ್ಟೇ ಅಂದದ್ದು. ಅತ್ತಿಗೆ ಮಾತ್ರ ಹೊರಗಿನ ಬೆಂಚಿನಲ್ಲಿ ಕೂತಾಗ, ನೀವಿಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದಿರಿ, ನಾನು ಪ್ಯಾಂಟಿನ ಹೊಲಿಗೆ ಬಿಡಿಸಿಕೊಂಡು ಖುಷಿಪಟ್ಟೆ ಎಂದರು.

ಸೂಜಿ ಕೊಟ್ಟು ಮೈಯ ನೀರು ಇಳಿಸಿದರು. ಹೃದಯಕ್ಕೆ ಮಾತ್ರೆಗಳು ಶುರುವಾದವು. ಕೆಂಪು ಔಷಧಿ ನಿಲ್ಲಿಸಿ, ಅದರ ಬದಲು ಹೃದಯಕ್ಕೆ ಅಷ್ಟು ಭಾರವಾಗದ ಬೇರೊಂದನ್ನು ಹಾಕಿ, ಐದನೆಯದನ್ನು ಮೂರು ವಾರ ಮುಂದಕ್ಕೆ ಹಾಕಿದರು. ಅಲ್ಲಿಗೆ ಅವನ ಬೆರಳ ಲೆಕ್ಕ ತಪ್ಪಿತು. ಆ ಮೂರು ವಾರವೂ ಅವನು ನನ್ನ ಜೊತೆ ಮಾತು ಬಿಟ್ಟ. ಬುಧವಾರ ಹೋದರೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ, ನಾನು ಹತ್ತು ನಿಮಿಷ ಕೂತು ಎದ್ದು ಬರುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಇನ್ನೊಬ್ಬನ ಪುಸ್ತಕ ಹೊರಗೆ ಹಾಕಿದ್ದು ಅದೇ ಮೊದಲು. ಅವನು ಸಾಯುವುದಕ್ಕಿಂತ ಮಾತು ಬಿಟ್ಟದ್ದೇ ಮೇಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡರೂ ಸಂಕಟ ಕಡಿಮೆಯಾಗುತ್ತಿರಲಿಲ್ಲ.

ಆಮೇಲೊಂದು ದಿನ ಬೆಳಿಗ್ಗೆ ಏಳು ಗಂಟೆಗೆ, ನನ್ನ ಪಾಲಿಗೆ ಅದು ಅಪರಾತ್ರಿ, ಫೋನ್ ಬಂತು. “ಲೇಟು, ಅರವತ್ಮೂರು ಆರು,” ಎಂದು ಹೇಳಿ ಇಟ್ಟುಬಿಟ್ಟ. ಮರುದಿನವೂ ಏಳಕ್ಕೆ ಬಂತು. ಆಸ್ಪತ್ರೆಯ ಪುಸ್ತಕವನ್ನು ಈಗ ಅತ್ತಿಗೆಯೇ ಪಕ್ಕದಲ್ಲಿ ನಿಂತು ಬರೆಯುತ್ತಾರೆ, ಅದು ಬೇರೆ. ನನಗೆ ಅವನು ಬಾಯಲ್ಲಿ ಹೇಳಬೇಕು. ಎಲ್ಲ ಸರಿಯಿದ್ದರೆ ಅಂಕಿಯ ಜೊತೆ ಎರಡು ಬೈಗುಳವೂ ಸಿಗುತ್ತಿದ್ದವು.

ಐದು ಆಯಿತು, ಆರೂ ಆಯಿತು. ಸ್ಕ್ಯಾನಿನಲ್ಲಿ ಗಂಟುಗಳು ಎಲ್ಲೂ ಕಾಣಲಿಲ್ಲ. ಡಾಕ್ಟರಮ್ಮ ಅವತ್ತು ಕುರ್ಚಿಯಿಂದ ಎದ್ದು ಅತ್ತಿಗೆಯ ಭುಜ ಹಿಡಿದರು. ಹೃದಯ ಮಾತ್ರ ಮೂವತ್ತೆಂಟರಿಂದ ನಲವತ್ತೊಂದಕ್ಕೆ ಬಂದು ಅಲ್ಲೇ ಕುಂಟುತ್ತಿತ್ತು. ವೈದ್ಯರ ಸಮಿತಿ ಅವನನ್ನು ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿ, ವಾಲ್ವಿನ ಚಕ್ರ ತಿರುಗಿಸುವ ಕೆಲಸ ಈ ಮನುಷ್ಯನಿಗೆ ಆಗುವುದಿಲ್ಲ ಎಂದು ಬರೆದು ನಿವೃತ್ತಿ ಮಾಡಿಸಿತು. ಅವನ ಕಪಾಟನ್ನು ನಾನೇ ಖಾಲಿ ಮಾಡಿದೆ. ಒಂದು ಟಾರ್ಚು, ಒಂದು ಹಳೇ ಅಂಗಿ, ಎರಡು ಖಾಲಿ ಪೆನ್ನು.

ಎರಡೂವರೆ ತಿಂಗಳ ಹಿಂದೆ ಮತ್ತೊಂದು ಎಕೋ ಇತ್ತು. ನಾನು ಜೊತೆಗೆ ಹೋದೆ. ಒಬ್ಬರು ಒಳಗಿರಬಹುದು ಎಂದಾಗ ಅತ್ತಿಗೆ ನನ್ನನ್ನು ಕಳಿಸಿದರು, ಆ ಕೋಣೆ ಅವರಿಗೆ ಸಾಕಾಗಿತ್ತು. ಪರದೆ ಎಳೆದ ಮಬ್ಬು ಕೋಣೆ. ಉದ್ದಣ್ಣ ಎಡಮಗ್ಗುಲಾಗಿ ಮಲಗಿದ್ದ, ಪಾದ ಮಂಚದಿಂದ ಹೊರಗೆ. ಎಕೋ ಮಾಡುವ ಹುಡುಗಿ ಎದೆಗೆ ತಣ್ಣನೆಯ ಜೆಲ್ಲು ಹಚ್ಚಿ, ಸಾಧನವನ್ನು ಪಕ್ಕೆಲುಬುಗಳ ನಡುವೆ ಒತ್ತಿದಳು. ತೆರೆಯ ಮೇಲೆ ಒಂದು ಬೂದು ಚೀಲ ಮುಚ್ಚಿ ತೆರೆಯುತ್ತಿತ್ತು. ರಕ್ತದ ಓಟ ಅಳೆಯುವಾಗ ಆಕೆ ಸದ್ದನ್ನೂ ಹಾಕಿದಳು. ಕೊಳವೆಯಲ್ಲಿ ನೀರು ನುಗ್ಗಿ ನಿಂತು ನುಗ್ಗುವ ಸದ್ದು. ನಾನು ಕಣ್ಣು ಮುಚ್ಚಿ ಕೇಳಿದೆ. 

“ಹೇಗಿದೆಯೋ?” ಎಂದ ಅವನು, ಗೋಡೆ ಕಡೆ ಮುಖ ಇಟ್ಟುಕೊಂಡೇ.

“ತಳ್ಳೋ ಶಕ್ತಿ ಕಮ್ಮಿ. ಆದ್ರೆ ಒಂದೇ ಸಮ ಓಡ್ತಿದೆ.”

ಹುಡುಗಿ ನಕ್ಕು, ನಲವತ್ತಾರು ಎಂದಳು. ಹೋದ ಸಲಕ್ಕಿಂತ ಐದು ಜಾಸ್ತಿ, ಇನ್ನು ಬಹಳ ಏರಲಿಕ್ಕಿಲ್ಲ, ಡಾಕ್ಟರನ್ನು ಕೇಳಿ ಎಂದು ಹೇಳಿ, ಕಾಗದ ತರಲು ಹೊರಗೆ ಹೋದಳು. ನಾನು ಅವನ ಎದೆಯ ಜೆಲ್ಲು ಒರೆಸಿದೆ. ಪಕ್ಕೆಲುಬು ಎಣಿಸಬಹುದಿತ್ತು. ಒರೆಸುತ್ತಾ, ನನಗಿನ್ನು ಐದು ವರ್ಷ ಸರ್ವಿಸ್ ಇದೆ, ಆಮೇಲೆ ಬಂದು ಬೆಳಿಗ್ಗೆ ಕೂತರೆ ಸಂಜೆ ಏಳುತ್ತೇನೆ, ಅಲ್ಲಿಯವರೆಗೆ ಒಂದೇ ಸಮ ಓಡಿಸಿಕೊಂಡಿರು ಎಂದು ತಮಾಷೆ ಮಾಡಿದೆ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ. “ಐದು ವರ್ಷ ಜಾಸ್ತಿ ಆಯ್ತು ಕಣೋ,” ಎಂದ. ದನಿಯಲ್ಲಿ ಅಳುಕಿರಲಿಲ್ಲ. ಮೂರನೇದರ ಬೇರಿಂಗು ಮುನಿಸಿಕೊಂಡಿದೆ ಎನ್ನುವಾಗಿನ ದನಿ.

ಮರುದಿನ ನಾನು ಸಾಹೇಬರ ಮೇಜಿನ ಮೇಲೆ ಸ್ವಯಂ ನಿವೃತ್ತಿಯ ಅರ್ಜಿ ಇಟ್ಟೆ. ಐದು ವರ್ಷ ಇರುವಾಗ ಯಾಕಯ್ಯಾ, ತಲೆ ಕೆಟ್ಟಿದೆಯಾ ಎಂದರು. ಗೆಳೆಯನ ಜೊತೆ ಕೂತು ಮಾತಾಡಬೇಕಾಗಿದೆ ಎಂದು ಸರ್ಕಾರಿ ಕಾಗದದಲ್ಲಿ ಬರೆಯಲಾಗುವುದಿಲ್ಲ, ವೈಯಕ್ತಿಕ ಕಾರಣ ಎಂದು ಬರೆದೆ. ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ, ಮನೇಲಿ ಕೂತು ನನ್ನ ತಲೆ ತಿನ್ನಬೇಡಿ, ಬೆಳಿಗ್ಗೆ ಎದ್ದು ಅವರ ಮನೆಗೇ ಹೋಗಿ ಎಂದಳು. ನೋಟಿಸಿನ ಅವಧಿ ಮೂರು ತಿಂಗಳು. ಅದು ಮುಗಿಯಲು ಇನ್ನು ಹತ್ತೊಂಬತ್ತು ದಿನ ಇದೆ.

ಮೊನ್ನೆ ಫೋನಿನಲ್ಲಿ, ಬಂದು ಏನು ಮಾಡ್ತೀಯೋ ಎಂದು ಕೇಳಿದ. ಏನೂ ಮಾಡಲ್ಲ, ಕೂತಿರ್ತೀನಿ ಎಂದೆ. ಅತ್ತಿಗೆ ಕಿಟಕಿಯ ಹತ್ತಿರ ಇನ್ನೊಂದು ಕುರ್ಚಿ ಹಾಕಿಸಿದ್ದಾರಂತೆ, ಬಟ್ಟೆಯ ರಾಶಿ ಒಳಗಿನ ಕೋಣೆಗೆ ಹೋಯಿತಂತೆ.

ಇವತ್ತು ಬೆಳಿಗ್ಗೆ ಏಳಕ್ಕೆ ಅಂಕಿ ಹೇಳಿದ. ಮೊನ್ನೆಗಿಂತ ಒಂದೂವರೆ ಕಿಲೋ ಜಾಸ್ತಿ. ಬೈಗುಳ ಇರಲಿಲ್ಲ. ಆಸ್ಪತ್ರೆಗೆ ಹೇಳಿದ್ದೇವೆ, ಮಧ್ಯಾಹ್ನ ಬರಹೇಳಿದ್ದಾರೆ, ನೀನು ಪಾಳಿ ಬಿಟ್ಟು ಬರಬೇಡ ಎಂದ. ನನ್ನ ಜಾಗಕ್ಕೆ ಬರಬಲ್ಲವರು ಯಾರಾದರೂ ಸಿಗುತ್ತಾರೇನೋ ಎಂದು ಆಗಿನಿಂದ ಎಲ್ಲರಿಗೂ ಫೋನ್ ಮಾಡುತ್ತಿದ್ದೇನೆ. ಯಾರೂ ಸಿಗುತ್ತಿಲ್ಲ.

ಹತ್ತೊಂಬತ್ತು ದಿನ ಉದ್ದಣ್ಣ. ಅಷ್ಟು ಓಡಿಸು.